ಕ್ಲಿಕ್ಕಿಸಿದ ಮೇಲೆ ಶುರುವಾಗುವ ಚಿತ್ರ

ಓರೆಯಾದ ದಿಗಂತ, ಖಾಲಿ ಆಕಾಶ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಬಾಟಲಿ. ಕಷ್ಟಪಟ್ಟು ತೆಗೆದ ನಿಸರ್ಗ ಚಿತ್ರ ಮನೆಗೆ ಬಂದು ನೋಡಿದರೆ ಸಪ್ಪೆ! ಅದನ್ನು ಗೆಲ್ಲಿಸುವ ದಾರಿಗಳಿವೆ. ದಾಟಬಾರದ ಗೆರೆಯೂ ಇದೆ. ಆನ್ಸೆಲ್ ಆಡಮ್ಸ್ ಅವರ ಚಂದ್ರನಿಂದ ಮಾಗಡಿ ಕೆರೆಯ ಹೆಬ್ಬಾತುಗಳವರೆಗೆ ಒಂದು ಸುತ್ತು.

1941ರ ನವೆಂಬರ್ 1. ಅಮೆರಿಕದ ನ್ಯೂ ಮೆಕ್ಸಿಕೊ. ಸಂಜೆ ಐದಾಗಲು ಇನ್ನು ಹತ್ತು ನಿಮಿಷ.

ಚಾಮಾ ಕಣಿವೆಯಲ್ಲಿ ದಿನವಿಡೀ ಅಲೆದರೂ ಮನಸ್ಸಿಗೊಪ್ಪುವ ಚಿತ್ರ ಸಿಗದೆ, ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಸಾಂತಾ ಫೆ ಕಡೆಗೆ ಕಾರು ಓಡಿಸುತ್ತಿದ್ದರು. ಜೊತೆಯಲ್ಲಿ ಎಂಟು ವರ್ಷದ ಮಗ ಮೈಕೆಲ್, ಗೆಳೆಯ ಸೆಡ್ರಿಕ್ ರೈಟ್. ಹರ್ನಾಂಡೆಜ್ ಎಂಬ ಪುಟ್ಟ ಹಳ್ಳಿ ಎಡಗಡೆ ಕಾಣಿಸಿತು. ಅದರಾಚೆ ಹಿಮದ ಬೆಟ್ಟಗಳು, ಬೆಟ್ಟದ ಮೇಲೆ ಆಗಷ್ಟೇ ಏರಿದ ಚಂದ್ರ. ಹಿಂದಿನಿಂದ ಮುಳುಗುವ ಸೂರ್ಯನ ಕೊನೆಯ ಬಿಸಿಲು ಹಳ್ಳಿಯ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿತ್ತು.

ಕಾರು ರಸ್ತೆ ಬದಿಗೆ ಸರ್ರನೆ ನಿಂತಿತು. 8x10 ಇಂಚಿನ ಭಾರಿ ಕ್ಯಾಮೆರಾ ಹೊರಬಂತು. ಬೆಳಕು ಅಳೆಯುವ ಮೀಟರ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಅಂಕಿ ಆಡಮ್ಸ್‌ಗೆ ನೆನಪಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಒಂದು ಸೆಕೆಂಡ್ ಶಟರ್ ತೆರೆದರು. ಎರಡನೆಯ ಚಿತ್ರಕ್ಕೆಂದು ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು.

ಸಿಕ್ಕಿದ್ದು ಒಂದೇ ನೆಗೆಟಿವ್. ‘ಮೂನ್‌ರೈಸ್, ಹರ್ನಾಂಡೆಜ್’ ಎಂಬ ಹೆಸರಿನಲ್ಲಿ ಜಗತ್ತಿನ ಅತಿ ಪ್ರಸಿದ್ಧ ನಿಸರ್ಗ ಚಿತ್ರಗಳ ಸಾಲಿಗೆ ಸೇರಿದ್ದು ಅದೇ.

ಕಥೆಯ ಇಷ್ಟು ಭಾಗವನ್ನು ಫೋಟೊಗ್ರಫಿ ಕಲಿಯುವವರೆಲ್ಲ ಕೇಳಿರುತ್ತಾರೆ. ಮುಂದಿನ ಭಾಗ ಕೇಳಿದವರು ಕಡಿಮೆ. ಆ ನೆಗೆಟಿವ್‌ನಿಂದ ನೇರವಾಗಿ ಪ್ರಿಂಟ್ ಹಾಕಿದರೆ ಸಿಗುತ್ತಿದ್ದುದು ಮಾಮೂಲಿ ಚಿತ್ರ. ಆಕಾಶ ಬೂದು ಬೂದು. ಮೇಲ್ಭಾಗದಲ್ಲಿ ಚದುರಿದ ಮೋಡದ ಗೀರುಗಳು. ಹಳ್ಳಿ ಇರುವ ಮುಂಭಾಗ ತೀರ ತೆಳು. ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ.

ಆಡಮ್ಸ್ ಆ ಒಂದು ನೆಗೆಟಿವ್ ಜೊತೆ ದಶಕಗಳ ಕಾಲ ಗುದ್ದಾಡಿದರು. 1948ರಲ್ಲಿ ಅದರ ಕೆಳಭಾಗವನ್ನು ಮಾತ್ರ ರಾಸಾಯನಿಕದಲ್ಲಿ ಅದ್ದಿ ಗಾಢಗೊಳಿಸಿದರು. ಪ್ರಿಂಟ್ ಮಾಡುವಾಗ ಆಕಾಶಕ್ಕೆ ಹೆಚ್ಚು ಹೊತ್ತು ಬೆಳಕು ಕೊಟ್ಟು ಕಪ್ಪಾಗಿಸಿದರು. ವರ್ಷಗಳು ಉರುಳಿದಂತೆ ಆ ಕಪ್ಪು ಇನ್ನಷ್ಟು ಕಪ್ಪಾಯಿತು. ಮೇಲಿನ ಮೋಡದ ಗೀರುಗಳು ಅದರಲ್ಲಿ ಕರಗಿ ಹೋದವು. ಉಳಿದದ್ದು ಕಾರ್ಗತ್ತಲ ಆಕಾಶ, ಒಂಟಿ ಚಂದ್ರ, ಬೆಟ್ಟದ ನೆತ್ತಿಯ ಮೇಲೆ ಮೋಡದ ಒಂದು ಪಟ್ಟಿ, ಕೆಳಗೆ ಮಿನುಗುವ ಶಿಲುಬೆಗಳು.

ಚೌಕಟ್ಟು ಬದಲಾಗಲಿಲ್ಲ, ಬೆಟ್ಟ ಜರುಗಲಿಲ್ಲ, ಚಂದ್ರ ದೊಡ್ಡದಾಗಲಿಲ್ಲ. ಚಿತ್ರದ ಸಂಯೋಜನೆ ಮಾತ್ರ ಪೂರ್ತಿ ಬೇರೆಯಾಯಿತು.

ಆಡಮ್ಸ್ ಯೌವನದಲ್ಲಿ ಪಿಯಾನೊ ಕಲಿತವರು, ಸಂಗೀತಗಾರನಾಗಬೇಕೆಂದಿದ್ದವರು. ನೆಗೆಟಿವ್ ಸ್ವರಲಿಪಿಯಾದರೆ ಪ್ರಿಂಟ್ ಎಂಬುದು ಕಛೇರಿ ಎಂದು ಅವರು ನಂಬಿದ್ದರು. ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದಾಸರ ಪದ ಒಂದೇ. ಭೀಮಸೇನ ಜೋಶಿ ಹಾಡಿದಾಗ ಅದು ಒಂದು ರೀತಿ, ಮನೆಯಲ್ಲಿ ಅಜ್ಜಿ ಹಾಡಿದಾಗ ಇನ್ನೊಂದು ರೀತಿ. ಪದ ಬದಲಾಗಿರುವುದಿಲ್ಲ.

ಚಂದ್ರನೇ ಹೇಳಿದ ದಿನಾಂಕ
*ಆಡಮ್ಸ್‌ಗೆ ಚಿತ್ರ ತೆಗೆದ ದಿನಾಂಕ ಬರೆದಿಡುವ ಅಭ್ಯಾಸ ಇರಲಿಲ್ಲ. ‘ಮೂನ್‌ರೈಸ್’ಗೆ ಬೇರೆ ಬೇರೆ ಕಡೆ 1940ರಿಂದ 1944ರವರೆಗೆ ಬೇರೆ ಬೇರೆ ಇಸವಿ ನಮೂದಾಗಿತ್ತು. ಕೊನೆಗೆ ಗೊಂದಲ ಬಿಡಿಸಿದ್ದು ಖಗೋಳ ಲೆಕ್ಕ. ಚಿತ್ರದಲ್ಲಿ ಚಂದ್ರ ಇರುವ ಎತ್ತರ ಮತ್ತು ದಿಕ್ಕು ಹಿಡಿದು ಖಗೋಳ ವೀಕ್ಷಕ ಡೆನಿಸ್ ಡಿ ಚಿಕೊ 1991ರಲ್ಲಿ 1941ರ ನವೆಂಬರ್ 1, ಸಂಜೆ 4.49 ಎಂದು ಖಚಿತಪಡಿಸಿದರು. ಆಡಮ್ಸ್ ಚಂದ್ರನನ್ನು ಇಷ್ಟೇ ಇಷ್ಟು ಜರುಗಿಸಿದ್ದರೂ ಈ ಲೆಕ್ಕ ಕೂಡಿಬರುತ್ತಿರಲಿಲ್ಲ.*

ಮತ್ತೆ ನವೆಂಬರ್ ಬಂದಿದೆ. ಈಗ ನಮ್ಮ ಕೆರೆಗಳಿಗೆ ವಲಸೆ ಹಕ್ಕಿಗಳು ಇಳಿಯುವ ಕಾಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿಗಳು ಸುತ್ತಲ ಹೊಲಗಳಲ್ಲಿ ಮೇದು ಹಗಲು ನೀರಿಗೆ ಮರಳುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳ ಜೊತೆಗೆ ಕ್ಯಾಮೆರಾ ಹಿಡಿದವರೂ ಬರುತ್ತಾರೆ.

ಹೀಗೆ ಬಂದು ಹೋದವರ ಫೋನಿನಲ್ಲಿ ಸಾಮಾನ್ಯವಾಗಿ ಇರುವ ಚಿತ್ರವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ನೀರಿನಲ್ಲಿ ಹೆಬ್ಬಾತುಗಳ ಗುಂಪು. ಆಚೆ ದಡದ ಗೆರೆ ಎಡಕ್ಕೆ ವಾಲಿದೆ. ಅರ್ಧಕ್ಕರ್ಧ ಬಿಳಿಚಿದ ಆಕಾಶ. ಬಲ ಅಂಚಿನಲ್ಲಿ ತಲೆ ಕತ್ತರಿಸಿಹೋದ ಒಂದು ಹಕ್ಕಿ. ಕೆಳಗೆ ಮೂಲೆಯಲ್ಲಿ ಬಿಸಿಲಿಗೆ ಹೊಳೆಯುವ ಪ್ಲಾಸ್ಟಿಕ್ ಬಾಟಲಿ. ಕೆರೆಯ ದಡದಲ್ಲಿ ನಿಂತಾಗ ಇದ್ಯಾವುದೂ ಕಾಣಿಸಿರಲಿಲ್ಲ. ಆಗ ಕಣ್ಣಿದ್ದದ್ದು ಹೆಬ್ಬಾತುಗಳ ಮೇಲೆ ಮಾತ್ರ. ಕ್ಯಾಮೆರಾಕ್ಕೆ ಅಂಥ ಮಮತೆ ಇಲ್ಲ, ಅದು ಎಲ್ಲವನ್ನೂ ಸಮನಾಗಿ ಹಿಡಿಯುತ್ತದೆ.

ಎಡಿಟಿಂಗ್ ಮಾಡಬೇಕಾದ್ದು ಆ ಮಮತೆಯನ್ನು ಚಿತ್ರಕ್ಕೆ ವಾಪಸು ತರುವುದು. ಇದು ನನ್ನ ದೃಢವಾದ ನಂಬಿಕೆ. ಬಣ್ಣ ಉಕ್ಕಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲ ಕೆಲಸ ದಿಗಂತ ನೇರ ಮಾಡುವುದು. ನಿಂತ ನೀರು ಯಾವತ್ತೂ ವಾಲುವುದಿಲ್ಲ. ವಾಲಿದ ಕೆರೆಯನ್ನು ಕಂಡ ಕೂಡಲೇ, ಏನು ತಪ್ಪಾಗಿದೆ ಎಂದು ಹೇಳಲಾಗದಿದ್ದರೂ ನೋಡುಗರಿಗೆ ಕಸಿವಿಸಿ. ಒಂದು ಎಚ್ಚರ ಇರಲಿ. ಆಚೆ ದಡ ನಿಮಗೆ ಓರೆಯಾಗಿ ಸಾಗಿದ್ದರೆ, ನೀರು ಮಟ್ಟವಾಗಿದ್ದರೂ ದಡದ ಗೆರೆ ವಾಲಿದಂತೆ ಕಾಣುತ್ತದೆ. ಆಗ ನಂಬಬೇಕಾದ್ದು ಪ್ರತಿಬಿಂಬವನ್ನು. ಹಕ್ಕಿಯ ತಲೆಯೂ ನೀರಿನಲ್ಲಿರುವ ಅದರ ತಲೆಯೂ ಒಂದೇ ಲಂಬ ಗೆರೆಯಲ್ಲಿದ್ದರೆ ಚಿತ್ರ ನೇರವಾಗಿದೆ ಎಂದರ್ಥ. ಚಿತ್ರವನ್ನು ತಿರುಗಿಸಿದಾಗ ನಾಲ್ಕೂ ಮೂಲೆ ಸ್ವಲ್ಪ ಸ್ವಲ್ಪ ಕತ್ತರಿಸಿಹೋಗುತ್ತವೆ. ಅದಕ್ಕೇ ಅನುಭವಿಗಳು ತೆಗೆಯುವಾಗಲೇ ಸುತ್ತ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ.

ಎರಡನೆಯದು ಕ್ರಾಪ್. ಎಡಿಟಿಂಗ್‌ನ ಎಲ್ಲ ಸಲಕರಣೆಗಳಲ್ಲಿ ಅತಿ ಸರಳವಾದದ್ದು, ಅತಿ ಶಕ್ತಿಯುತವಾದದ್ದು ಇದೇ. ಅಂಚು ಎಳೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಚಿತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಏನು?

ಹೆಬ್ಬಾತುಗಳ ಸಾಲು ಎಂದಾದರೆ ಬಿಳಿಚಿದ ಆಕಾಶಕ್ಕೆ ಅಲ್ಲಿ ಕೆಲಸವಿಲ್ಲ, ತೆಗೆಯಿರಿ. ಚಿತ್ರ ಉದ್ದನೆಯ ಪಟ್ಟಿಯಾಗಲಿ. 3:2 ಅನುಪಾತ ಕ್ಯಾಮೆರಾ ತಯಾರಕರು ಕೊಟ್ಟದ್ದು, ಹೆಬ್ಬಾತುಗಳ ಸಾಲಿಗೆ 2:1 ಚೆನ್ನಾಗಿ ಒಪ್ಪಬಹುದು. ಬಲ ಅಂಚಿನ ತಲೆಯಿಲ್ಲದ ಹಕ್ಕಿಯನ್ನು ಪೂರ್ತಿ ಹೊರಗೆ ಬಿಡಿ. ಅರ್ಧ ಕತ್ತರಿಸಿದ ಜೀವ ಅಂಚಿನಲ್ಲಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಓಡುತ್ತದೆ. ಹಕ್ಕಿಗಳು ಎಡಕ್ಕೆ ಈಜುತ್ತಿದ್ದರೆ ಎಡಗಡೆ ಹೆಚ್ಚು ನೀರು ಉಳಿಸಿ. ಅವು ಹೋಗಬೇಕಾದ ಕಡೆ ದಾರಿ ಇರಬೇಕು.

ಆದರೆ ಕ್ರಾಪ್‌ಗೆ ಬೆಲೆ ತೆರಬೇಕು. 24 ಮೆಗಾಪಿಕ್ಸೆಲ್ ಚಿತ್ರವೆಂದರೆ ಸಾಮಾನ್ಯವಾಗಿ 6000x4000 ಬಿಂದುಗಳು. ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು 3000x2000, ಅಂದರೆ 6 ಮೆಗಾಪಿಕ್ಸೆಲ್. ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೆ 10 ಇಂಚು ಅಗಲದ ಪ್ರಿಂಟ್ ಸಿಗುತ್ತದೆ, ಚಿಂತೆಯಿಲ್ಲ. ಇನ್ನೊಮ್ಮೆ ಅರ್ಧ ಮಾಡಿದರೆ ಬರೀ 1.5 ಮೆಗಾಪಿಕ್ಸೆಲ್, 5 ಇಂಚು. ಅಷ್ಟರಲ್ಲಿ ಗರಿಗಳ ನವಿರು ಹೋಗಿ ಬರೀ ಕಾಳುಕಾಳು ಉಳಿಯುತ್ತದೆ.

ತಾಂತ್ರಿಕ ನಷ್ಟಕ್ಕಿಂತ ನನ್ನನ್ನು ಕಾಡುವ ನಷ್ಟ ಇನ್ನೊಂದಿದೆ. ನಮ್ಮ ವನ್ಯಜೀವಿ ಚಿತ್ರಗಳಲ್ಲಿ ಈಗ ಮುಖಗಳೇ ತುಂಬಿಹೋಗಿವೆ. ಹುಲಿಯ ಮುಖ, ಗೂಬೆಯ ಕಣ್ಣು, ಮಿಂಚುಳ್ಳಿಯ ಕೊಕ್ಕು. ಕಬಿನಿಯ ಹುಲಿ, ತಾಡೋಬಾದ ಹುಲಿ, ಮೃಗಾಲಯದ ಹುಲಿ ಮೂರನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದೆಂದು ಹೇಳಲಾಗದಷ್ಟು ಬಿಗಿಯಾದ ಕ್ರಾಪ್. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರ ಕಪ್ಪು-ಬಿಳುಪು ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಪ್ರಾಣಿಯ ಸುತ್ತ ಕಾಡು ಇರುತ್ತದೆ, ಹುಲ್ಲು ಇರುತ್ತದೆ, ಬೆಳಕಿಗೊಂದು ದಿಕ್ಕಿರುತ್ತದೆ. ಹೆಬ್ಬಾತಿನ ಚಿತ್ರದಲ್ಲಿ ಕೆರೆ ಕಾಣಲಿ. ಅದು ಹಿಮಾಲಯ ದಾಟಿ ಬಂದದ್ದೇ ಆ ಕೆರೆಗಾಗಿ.

1797ರ ಒಂದು ಮಾತು
*ಫೋನಿನ ಪರದೆಯ ಮೇಲೆ ಮೂಡುವ ಒಂಬತ್ತು ಮನೆಗಳ ಜಾಲರಿ ನೋಡಿದ್ದೀರಲ್ಲ? ‘ಮೂರನೇ ಒಂದು ಭಾಗದ ನಿಯಮ’ ಕ್ಯಾಮೆರಾಗಿಂತ ಹಳೆಯದು. ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಗ್ರಾಮೀಣ ದೃಶ್ಯಗಳನ್ನು ಕುರಿತ ಪುಸ್ತಕದಲ್ಲಿ ಈ ಹೆಸರು ಬಳಸಿದ. ನೆಲ ಮತ್ತು ಆಕಾಶವನ್ನು ಅರ್ಧರ್ಧ ಹಂಚಬೇಡಿ, ಒಂದಕ್ಕೆ ಮೂರನೇ ಎರಡು ಪಾಲು ಕೊಡಿ ಎಂಬುದು ಅದರ ತಿರುಳು. ಕಲಿಯುವವರಿಗೆ ಒಳ್ಳೆಯ ಊರುಗೋಲು. ಆದರೆ ಅಲೆಯಿಲ್ಲದ ನೀರಿನಲ್ಲಿ ಬೆಟ್ಟದ ಪ್ರತಿಬಿಂಬ ಸಿಕ್ಕಾಗ ದಿಗಂತವನ್ನು ನಟ್ಟನಡುವೆಯೇ ಇಡಿ.*

ಇಷ್ಟಾದ ಮೇಲೆ ಬರುವುದು ಬೆಳಕು. ‘ಮೂನ್‌ರೈಸ್’ ಗೆದ್ದದ್ದು ಇಲ್ಲಿಯೇ.

ಮನುಷ್ಯನ ಕಣ್ಣು ಚಿತ್ರದಲ್ಲಿ ಮೊದಲು ಹೋಗುವುದು ಅತಿ ಬೆಳ್ಳಗಿರುವ ಕಡೆಗೆ. ಕಪ್ಪು-ಬಿಳುಪು ಬಲವಾಗಿ ಸಂಧಿಸುವ ಅಂಚು, ಕಡು ಬಣ್ಣ, ಚೂಪಾದ ವಿವರ ಕೂಡ ಸೆಳೆಯುತ್ತವೆ. ಕಣ್ಣು, ಮುಖ ಇದ್ದರಂತೂ ಸರಿಯೇ. ಇದು ತಿಳಿದ ಮೇಲೆ ಅಂಚನ್ನು ಮುಟ್ಟದೆಯೇ ಸಂಯೋಜನೆ ಬದಲಿಸಬಹುದು. ಬೇಡದ ಕಡೆ ಬೆಳಕು ತಗ್ಗಿಸಿ, ಬೇಕಾದ ಕಡೆ ಒಂದೆಳೆ ಹೆಚ್ಚಿಸಿದರಾಯಿತು.

ಡಾರ್ಕ್‌ರೂಮ್ ಕಾಲದಲ್ಲಿ ಇದನ್ನು ಕೈಯಿಂದಲೇ ಮಾಡುತ್ತಿದ್ದರು. ತಂತಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆಯನ್ನು ಬೆಳಕಿನ ದಾರಿಗೆ ಅಡ್ಡ ಹಿಡಿದರೆ ಆ ಜಾಗ ತಿಳಿಯಾಗುತ್ತಿತ್ತು. ಅದು ಡಾಡ್ಜಿಂಗ್. ಬೊಗಸೆಯ ಕಿಂಡಿಯಲ್ಲಿ ಒಂದೇ ಕಡೆ ಹೆಚ್ಚು ಬೆಳಕು ಬಿಟ್ಟರೆ ಅಲ್ಲಿ ಗಾಢವಾಗುತ್ತಿತ್ತು. ಅದು ಬರ್ನಿಂಗ್. 1990ರಲ್ಲಿ ಬಂದ ಫೋಟೊಶಾಪ್‌ನಲ್ಲಿ ಈ ಎರಡು ಸಲಕರಣೆಗಳ ಗುರುತು ಇವತ್ತಿಗೂ ಆ ಬಿಲ್ಲೆ ಮತ್ತು ಆ ಕೈ. ಫೋನಿನ ಸ್ನ್ಯಾಪ್‌ಸೀಡ್‌ನಲ್ಲಿ, ಹಣ ಕೊಡಬೇಕಿಲ್ಲದ ಡಾರ್ಕ್‌ಟೇಬಲ್‌ನಲ್ಲಿ, ಲೈಟ್‌ರೂಮ್‌ನಲ್ಲಿ ಇದೇ ಕೆಲಸ ಬೆರಳ ತುದಿಯಲ್ಲಿ ಆಗುತ್ತದೆ.

ನಮ್ಮ ಹೆಬ್ಬಾತುಗಳ ಚಿತ್ರಕ್ಕೆ ಬೇಕಾದ್ದು ಇಷ್ಟು. ಆಚೆ ದಡದ ಮೇಲೆ ಉಳಿದ ಆಕಾಶದ ಪಟ್ಟಿ ಕೊಂಚ ಗಾಢವಾಗಲಿ. ಮುಂದಿನ ನೀರಿನ ಹೊಳಪು ತಗ್ಗಲಿ. ಮುಂಚೂಣಿಯ ಹಕ್ಕಿಯ ತಲೆ ಒಂದೆಳೆ ತಿಳಿಯಾಗಲಿ, ಪಟ್ಟೆ ಎದ್ದು ಕಾಣುವಷ್ಟು. ಹಿಂದಿನ ಜಾಲಿ ಪೊದೆಯ ಹಸಿರು ಹೆಚ್ಚಾಗಿ ಕೂಗುತ್ತಿದ್ದರೆ ಆ ಒಂದು ಬಣ್ಣವನ್ನಷ್ಟೇ ಸಣ್ಣ ಮಾಡಿ. ಕೆಲಸ ಮುಗಿದ ಮೇಲೆ ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಕಣ್ಣು ನೇರವಾಗಿ ಹಕ್ಕಿಗೆ ಹೋದರೆ ಸಂಯೋಜನೆ ಗಟ್ಟಿಯಾಗಿದೆ. ನೋಡಿದವರಿಗೆ ಎಲ್ಲಿ ಕೈಯಾಡಿಸಿದ್ದೀರಿ ಎಂದು ಗೊತ್ತಾದರೆ ಅತಿಯಾಗಿದೆ. ಅರ್ಧಕ್ಕೆ ಇಳಿಸಿ.

ಉಳಿದದ್ದು ಬಾಟಲಿ.

ಅದು ಚಿತ್ರದ ಮೂಲೆಯಲ್ಲಿದೆ. ಕ್ರಾಪ್‌ನಲ್ಲಿ ಹೊರಟುಹೋದರೆ ಹೋಯಿತು. ಹೋಗದೆ ಹಕ್ಕಿಯ ಪಕ್ಕದಲ್ಲೇ ಇದ್ದರೆ? ಫೋನಿನಲ್ಲಿ ಬೆರಳಿಂದ ಒಮ್ಮೆ ಸವರಿದರೆ ಬಾಟಲಿ ಮಾಯ, ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಆ ನೀರು ಮಾಗಡಿ ಕೆರೆಯದಲ್ಲ, ತಂತ್ರಾಂಶ ಊಹಿಸಿದ್ದು.

ಈ ಪ್ರಶ್ನೆ ಆಡಮ್ಸ್‌ಗೂ ಎದುರಾಗಿತ್ತು. 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನಿಂದ ಸಿಯೆರಾ ನೆವಾಡಾದ ಚಳಿಗಾಲದ ಸೂರ್ಯೋದಯ ತೆಗೆದರು. ಹಿಮದ ಶಿಖರಗಳ ಮುಂದೆ ಕಪ್ಪು ಗುಡ್ಡ, ಅದರ ಕೆಳಗೆ ಬಿಸಿಲ ಮಚ್ಚೆಯಲ್ಲಿ ಮೇಯುವ ಕುದುರೆ. ಗುಡ್ಡದ ಮೇಲೆ ಆ ಊರಿನ ಹೈಸ್ಕೂಲ್ ಹುಡುಗರು ಬಿಳಿ ಸುಣ್ಣದಲ್ಲಿ ‘ಎಲ್ ಪಿ’ ಎಂದು ಭಾರಿ ಅಕ್ಷರ ಮೂಡಿಸಿದ್ದರು. ಆಡಮ್ಸ್ ಅದನ್ನು ನೆಗೆಟಿವ್‌ನಲ್ಲೇ ಅಳಿಸಿದರು, ಉಳಿದ ಕುರುಹನ್ನು ಪ್ರಿಂಟ್‌ನಲ್ಲಿ ಕಪ್ಪಾಗಿಸಿದರು. ಕೆಲವರು ಆಕ್ಷೇಪಿಸಿದರು. ಆಡಮ್ಸ್ ಮುಚ್ಚಿಡಲಿಲ್ಲ. ಬೆಟ್ಟದ ಮೇಲಿನ ಆ ಗಾಯವನ್ನು ಶಾಶ್ವತಗೊಳಿಸುವ ಮನಸ್ಸು ತಮಗಿಲ್ಲ ಎಂದು ತಮ್ಮ ಪುಸ್ತಕದಲ್ಲೇ ಬರೆದರು.

ಆಡಮ್ಸ್ ಬಗ್ಗೆ ಅಪಾರ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ವಿಷಯದಲ್ಲಿ ಅವರನ್ನು ಅನುಸರಿಸಲಾರೆ. ಅವರದು ಕಲಾಕೃತಿ, ಮಾಡಿದ್ದನ್ನು ಹೇಳಿಯೂ ಇದ್ದಾರೆ. ನಾವು ಹಂಚುವ ಚಿತ್ರದ ಕೆಳಗೆ ‘ಮಾಗಡಿ ಕೆರೆ, ನವೆಂಬರ್’ ಎಂದು ಬರೆಯುತ್ತೇವೆ. ಹಾಗೆ ಬರೆದ ಕೂಡಲೇ ಆ ಚಿತ್ರ ಸಾಕ್ಷಿಯಾಗುತ್ತದೆ. ರಾಮ್ಸಾರ್ ಪಟ್ಟಿಯ ಕೆರೆಯಲ್ಲಿ ಹೆಬ್ಬಾತಿನ ಪಕ್ಕ ಬಾಟಲಿ ತೇಲುತ್ತಿದೆ ಎಂಬುದು ಜಿಲ್ಲಾಡಳಿತಕ್ಕೆ ತಿಳಿಯಬೇಕಾದ ಸುದ್ದಿ. ಅದನ್ನು ಅಳಿಸಿದವರು ಕೆರೆಗೆ ಉಪಕಾರ ಮಾಡಿದಂತಾಗುವುದಿಲ್ಲ.

ಅಳಿಸುವವರು ಸೇರಿಸುವುದಕ್ಕೂ ಕೈ ಹಾಕುತ್ತಾರೆ. ಸ್ವೀಡನ್ನಿನ ಟೆರ್ಯೆ ಹೆಲ್ಲೆಸೊ 2010ರಲ್ಲಿ ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯಿಂದ ವರ್ಷದ ನಿಸರ್ಗ ಛಾಯಾಗ್ರಾಹಕ ಎನಿಸಿಕೊಂಡಿದ್ದರು. ಮರುವರ್ಷ ಅವರ ಲಿಂಕ್ಸ್ ಬೆಕ್ಕಿನ ಚಿತ್ರಗಳ ಬಗ್ಗೆ ಸಂಶಯ ಎದ್ದಿತು. ಬೇಸಿಗೆಯಲ್ಲಿ ತೆಗೆದದ್ದೆಂದು ಹೇಳಿದ ಚಿತ್ರದಲ್ಲಿ ಆ ಪ್ರಾಣಿಗೆ ಚಳಿಗಾಲದ ದಟ್ಟ ತುಪ್ಪಳವಿತ್ತು! ಬೇರೆಡೆಯ ಚಿತ್ರಗಳಿಂದ ಪ್ರಾಣಿಯನ್ನು ತಂದು ಅಂಟಿಸಿದ್ದು ಬಯಲಾಯಿತು, ಪ್ರಶಸ್ತಿ ಕೈತಪ್ಪಿತು. ಅವರ ನಿಜವಾದ ಚಿತ್ರಗಳನ್ನೂ ಆಮೇಲೆ ಜನ ಅನುಮಾನದಿಂದಲೇ ನೋಡಿದರು.

ಪಿರಮಿಡ್ಡನ್ನೇ ಸರಿಸಿದ ಮುಖಪುಟ
*1982ರ ಫೆಬ್ರುವರಿ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟಕ್ಕೆ ಗಿಜಾದ ಪಿರಮಿಡ್‌ಗಳ ಚಿತ್ರ. ಗಾರ್ಡನ್ ಗೇಹನ್ ತೆಗೆದದ್ದು ಅಡ್ಡ ಚಿತ್ರ, ಮುಖಪುಟ ಇರುವುದು ಉದ್ದಕ್ಕೆ. ಹೊಂದಲಿಲ್ಲವೆಂದು ಕಂಪ್ಯೂಟರಿನಲ್ಲಿ ಎರಡು ಪಿರಮಿಡ್‌ಗಳನ್ನು ಹತ್ತಿರಕ್ಕೆ ಸರಿಸಿದರು. ದೊಡ್ಡ ಟೀಕೆ ಎದ್ದಿತು. ಡಿಜಿಟಲ್ ತಿದ್ದುಪಡಿಯ ನೈತಿಕತೆ ಕುರಿತ ಪಾಠಗಳಲ್ಲಿ ಇಂದಿಗೂ ಮೊದಲು ಬರುವ ಉದಾಹರಣೆ ಇದು. ಆಗಿನ್ನೂ ಫೋಟೊಶಾಪ್ ಹುಟ್ಟಿರಲಿಲ್ಲ.*

ಈಗ ಇಂಥ ಕೆಲಸಕ್ಕೆ ಕೌಶಲವೂ ಬೇಕಿಲ್ಲ. 2020ರಲ್ಲಿ ಫೋಟೊಶಾಪ್‌ಗೆ ಆಕಾಶವನ್ನೇ ಬದಲಿಸುವ ಸೌಲಭ್ಯ ಬಂತು. 2023ರಲ್ಲಿ ಬೇಕಾದ್ದನ್ನು ಬರೆದು ಹೇಳಿದರೆ ಚಿತ್ರದೊಳಗೆ ಮೂಡಿಸುವ ಕೃತಕ ಬುದ್ಧಿಮತ್ತೆ ಬಂತು. ಮುಳ್ಳಯ್ಯನಗಿರಿಯ ಮಂಜಿನ ಬೆಳಗಿಗೆ ಎಲ್ಲಿಯದೋ ಕೆಂಪು ಮೋಡ ಹೊದಿಸುವುದು ಕ್ಷಣದ ಕೆಲಸ. ಹಾಗೆ ಮಾಡಿದ ಚಿತ್ರಗಳಲ್ಲಿ ಆಕಾಶ ಕೆಂಪು, ಹುಲ್ಲಿನ ಮೇಲಿನ ಬೆಳಕು ತಣ್ಣಗಿನ ನೀಲಿ. ಬೆಳಕು ಎಡದಿಂದ, ನೆರಳೂ ಎಡಕ್ಕೆ. ಆ ಗಿರಿಯ ಮೇಲೆ ಚಳಿಯಲ್ಲಿ ನಿಂತು ಮಂಜು ಸರಿಯುವುದನ್ನು ಕಾದವರಿಗೆ ಇದು ನೋವು ತರುತ್ತದೆ. ಅಲ್ಲಿ ಮಂಜೇ ಚಿತ್ರವಾಗಿತ್ತು.

ಹಾಗಾದರೆ ಗೆರೆ ಎಲ್ಲಿದೆ? ಸ್ಪರ್ಧೆಗಳ ಲೋಕ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ, ಬ್ರಿಟನ್ನಿನ ಛಾಯಾಗ್ರಹಣ ಸಂಘ ಆರ್‌ಪಿಎಸ್ ಮೂರೂ 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅದರಲ್ಲಿರುವ ಯಾವುದನ್ನೂ ಜರುಗಿಸುವಂತಿಲ್ಲ, ಬದಲಿಸುವಂತಿಲ್ಲ, ತೆಗೆಯುವಂತಿಲ್ಲ. ತೆಗೆಯಲು ಇರುವ ಒಂದೇ ದಾರಿ ಕ್ರಾಪ್. ಡಾಡ್ಜ್, ಬರ್ನ್ ಮಾಡಬಹುದು. ಕಪ್ಪು-ಬಿಳುಪಿಗೆ ಬದಲಿಸಬಹುದು. ಸೆನ್ಸರ್ ಮೇಲಿನ ದೂಳಿನ ಚುಕ್ಕೆ, ಫಿಲ್ಮ್ ಗೀರುಗಳಂತೆ ಕ್ಯಾಮೆರಾ ಸೇರಿಸಿದ್ದನ್ನು ಅಳಿಸಬಹುದು. ಏನೇ ಮಾಡಿದರೂ ಸಹಜವಾಗಿ ಕಾಣಬೇಕು.

ಸ್ಪರ್ಧೆಗೆ ಕಳಿಸದವರಿಗೂ ಇದಕ್ಕಿಂತ ಒಳ್ಳೆಯ ಗೆರೆ ನನಗೆ ಕಂಡಿಲ್ಲ. ಇದರೊಳಗೇ ದುಡಿದರೂ ಚಿತ್ರವನ್ನು ಎಷ್ಟು ದೂರ ಕೊಂಡೊಯ್ಯಬಹುದು ಎಂಬುದಕ್ಕೆ ‘ಮೂನ್‌ರೈಸ್’ ಇದೆ. ಅದರ ಮೋಡಗಳೂ ಕಾಣೆಯಾದವಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವು ಕತ್ತಲಲ್ಲಿ ಮುಳುಗಿದವು, ಜಾಗ ಬದಲಿಸಲಿಲ್ಲ, ಅವುಗಳ ಮೇಲೆ ಬೇರೇನೂ ಬಂದು ಕೂರಲಿಲ್ಲ. ನನ್ನ ಮಟ್ಟಿಗೆ ಇದು ಗೆರೆಯ ಈಚೆಗೇ ಇದೆ, ಆದರೆ ಗೆರೆಗೆ ತೀರ ಹತ್ತಿರದಲ್ಲಿದೆ.

ಈ ಚಳಿಗಾಲದಲ್ಲಿ ಮಾಗಡಿಗೋ ರಂಗನತಿಟ್ಟಿಗೋ ಹೊರಟವರಲ್ಲಿ ಒಂದು ಮನವಿ. ಸಾಧ್ಯವಿದ್ದರೆ ರಾ (RAW) ಕಡತದಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ರೂಪದಲ್ಲಿ, ಚಿತ್ರ ತೆಗೆಯಿರಿ. ಎಡಿಟ್ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಅಳಿಸಬೇಡಿ. ದೊಡ್ಡ ಸ್ಪರ್ಧೆಗಳು ಅಂತಿಮ ಸುತ್ತಿನಲ್ಲಿ ಅದನ್ನೇ ಕೇಳುತ್ತವೆ. ಮುಂದಿನ ವರ್ಷ ನಿಮ್ಮ ಕಣ್ಣು ಪಳಗಿದ ಮೇಲೆ ಅದೇ ಕಡತದಿಂದ ಇನ್ನೂ ಒಳ್ಳೆಯ ಚಿತ್ರ ತೆಗೆಯಲೂಬಹುದು. ಆಕಾಶ ಬದಲಿಸಿದ್ದರೆ, ಏನನ್ನಾದರೂ ಅಳಿಸಿದ್ದರೆ, ಹಂಚುವಾಗ ಒಂದು ಸಾಲಿನಲ್ಲಿ ಹೇಳಿಬಿಡಿ. ದಡದಲ್ಲಿ ಬಾಟಲಿ ಕಣ್ಣಿಗೆ ಬಿದ್ದರೆ, ಹಕ್ಕಿಗಳಿಗೆ ಗಾಬರಿಯಾಗದಂತೆ ಹೋಗಿ ಎತ್ತಿಕೊಂಡು ಬನ್ನಿ.